ಮೊಮ್ಮಗಳ ಕೇಡಿಗತನದ ಮರುಮೌಲ್ಯಮಾಪನ

ಇಂದ:
ಪ್ರೇಮಮ್ಮ, ಬಿ.ಎ.,
ಕಬಡ್ಡಿ ಆಟಗಾರ್ತಿ ಅನುಷಾಳ ಅಜ್ಜಿ,
ಸವಳಂಗ ರಸ್ತೆ, ಶಿವಮೊಗ್ಗ.

ಗೆ:
ಶ್ರೀ ಯೋಗರಾಜ್, ಮನಃಶಾಸ್ತ್ರ ಪರೀಕ್ಷಕರು,
ಮಹಿಳಾ ಕಬಡ್ಡಿ ಆಯ್ಕೆ ಸಮಿತಿ, ಭದ್ರಾವತಿ.

ವಿಷಯ: ಸಾಕಷ್ಟು ಕೆಟ್ಟವಳಲ್ಲವೆಂದು ಅನುಷಾಳನ್ನು ತಂಡದಿಂದ ಕೈಬಿಟ್ಟಿರುವ ಬಗ್ಗೆ.

ಉಲ್ಲೇಖ: 1) ತಾವು ಭಾನುವಾರ ನಡೆಸಿದ ಕಂಪ್ಯೂಟರ್ ಪರೀಕ್ಷೆ. 2) ಕೋಚ್ ಉಜ್ಜನಪ್ಪನವರು ನಮ್ಮನ್ನು ಬಸ್ ಹತ್ತಿಸುತ್ತಾ ಆಡಿದ ಮಾತು: "ಹುಡುಗಿ ಚಿನ್ನ ಕಣಮ್ಮ, ಸ್ವಲ್ಪ ಕೆಟ್ಟೋಳಾಗಿದ್ರೆ ಸಾಕಿತ್ತು."

ಮಾನ್ಯರೇ,

ಗೆಲ್ಲುವ ಆಟಗಾರರಿಗೆ ಸ್ವಾರ್ಥ, ಕಪಟ, ನಿರ್ದಯೆ ಎಂಬ ಕರಾಳ ಗುಣಗಳೂ, ಮನಸ್ಸನ್ನು ಹಿಡಿತದಲ್ಲಿಡುವ ಶಕ್ತಿಯೂ ಬೇಕೆಂದು ತಾವು ವಿವರಿಸಿದ್ದೀರಿ. ಅನುಷಾ ಎಲ್ಲದರಲ್ಲೂ ನಪಾಸು. ರಾಜ್ಯ ಮಟ್ಟದ ಪಂದ್ಯಕ್ಕೆ ಹೆಸರು ಕಳಿಸಲು ಶುಕ್ರವಾರ ಕೊನೆಯ ದಿನವಾದ ಕಾರಣ ಈ ಅರ್ಜಿ.

1. ಕಪಟ: ಅಭ್ಯಾಸ ಪಂದ್ಯದಲ್ಲಿ ಎದುರಾಳಿಯ ಬೆರಳು ತಾಗಿದ್ದು ಅಂಪೈರ್‌ಗೆ ಕಾಣದಿದ್ದರೂ ಅವಳೇ ಕೈಯೆತ್ತಿ ಹೊರನಡೆದದ್ದು ನಿಜ. "ಯಾರೂ ನೋಡಿಲ್ವಲ್ಲೇ ಮಾರಾಯ್ತಿ!" ಎಂದು ಕೋಚ್ ತಲೆ ಚಚ್ಚಿಕೊಂಡದ್ದೂ ನಿಜ. ಆದರೆ ಇದೇ ಹುಡುಗಿ ದಿನವೂ ನನಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟು, "ಹಾಕಿದೀನಜ್ಜಿ, ನಿನ್ ನಾಲಿಗೆಗೇ ವಯಸ್ಸಾಗಿದೆ" ಎನ್ನುತ್ತಾಳೆ. ನನಗೆ ಸಕ್ಕರೆ ಕಾಯಿಲೆ ಇರುವುದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

2. ಮನಸ್ಸಿನ ಹಿಡಿತ: ತಮ್ಮ ಪರೀಕ್ಷೆಯಲ್ಲಿ ಪರದೆಯ ಮೇಲೆ ನೀಲಿ ಬಂದರೆ ಮೌಸ್ ಒತ್ತಬೇಕು, ಕೆಂಪು ಬಂದರೆ ಒತ್ತಬಾರದು. ಪಕ್ಕದಲ್ಲಿ ಪರೀಕ್ಷೆಗೆ ಕೂತಿದ್ದ ಆಟಗಾರ್ತಿ ಸಮತಾಳ ಮೌಸ್ ಕೆಟ್ಟ ಕಾರಣ ಅನುಷಾ ತನ್ನದನ್ನು ಬಿಚ್ಚಿ ಕೊಟ್ಟಳು. ಆದ್ದರಿಂದ ನೀಲಿಗೂ ಒತ್ತಲಿಲ್ಲ, ಕೆಂಪಿಗೂ ಒತ್ತಲಿಲ್ಲ. ಕೆಂಪಿನ ಮಟ್ಟಿಗಾದರೂ ಪೂರ್ಣ ಅಂಕ ಸಲ್ಲಬೇಕು.

3. ನಿರ್ದಯೆ: ಇದಕ್ಕೆ ನಾನೇ ಸಾಕ್ಷಿ. ನಿನ್ನೆ ಚೌಕಾಬಾರದಲ್ಲಿ ನನ್ನ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿಯಿತ್ತು. ಕಡಿದಳು. "ಪಾಪ ಅನ್ಸಲ್ವೇನೇ, ಮುದುಕಿ ಕಣೇ ನಾನು" ಎಂದೆ. "ಆಟದಲ್ಲಿ ಎಂಥ ಪಾಪ? ಮೋಸ ಮಾಡಿದ್ರೆ ಹೇಳಜ್ಜಿ" ಎಂದು ಇನ್ನೊಂದನ್ನೂ ಕಡಿದಳು. ಬಳಿಕ, ಜೋಮು ಹಿಡಿದ ನನ್ನ ಕಾಲು ತಿಕ್ಕಿದಳು. ಅದು ಆಟ ಮುಗಿದ ಮೇಲೆ ನಡೆದ ಕಾರಣ ಪರಿಗಣಿಸಬಾರದು.

4. ಸ್ವಾರ್ಥ: ದಾಖಲೆ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಅಂದು ಹೊರಗೆ ನಿಂತಿದ್ದ ನನಗೆ ತಾವು ತಮ್ಮ ಕುರ್ಚಿಯನ್ನೇ ತಂದುಕೊಟ್ಟು, ಪರೀಕ್ಷೆ ಮುಗಿಯುವವರೆಗೂ ನಿಂತೇ ಇದ್ದಿರಿ. ಟೀಯಲ್ಲೂ ಅರ್ಧ ಕೊಟ್ಟಿರಿ. ತಮ್ಮ ಕೆಲಸಕ್ಕೆ ಕುತ್ತು ಬರಬಾರದೆಂಬ ಕಾರಣಕ್ಕೆ ಇದನ್ನು ಸಮಿತಿಗೆ ತಿಳಿಸಿಲ್ಲ.

ಆದ್ದರಿಂದ ಅನುಷಾಳ ಕೇಡಿಗತನಕ್ಕೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೊಡುವಂತೆ, ಕೃಪಾಂಕ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳಬೇಕು. ನಿಯಮ ಅಡ್ಡ ಬಂದರೆ, ತಾವೇ ಬಂದು ಅವಳೊಂದಿಗೆ ಒಂದಾಟ ಚೌಕಾಬಾರ ಆಡಿ ನೋಡಬೇಕು.

ಅರ್ಧ ಟೀಯ ಋಣದಲ್ಲಿರುವ
ತಮ್ಮ ವಿಶ್ವಾಸಿ,
ಪ್ರೇಮಮ್ಮ

ಲಗತ್ತುಗಳು:
1. ಕಡಿಸಿಕೊಂಡ ಕಾಯಿಗಳು (ಬಳೆಚೂರು).
2. ಸದರಿ ಸಕ್ಕರೆಯಿಲ್ಲದ ಕಾಫಿ, ಫ್ಲಾಸ್ಕಿನಲ್ಲಿ.

ವಿ.ಸೂ.: ಫ್ಲಾಸ್ಕ್ ತುಂಬಿಸುವಾಗ ಅನುಷಾ "ಯಾರಿಗಜ್ಜಿ?" ಎಂದು ಕೇಳಿದಳು. ತಮಗೆಂದು ಹೇಳಿಬಿಟ್ಟೆ. ಆದ ಕಾರಣ ಅದರಲ್ಲಿ ಸಕ್ಕರೆ ಇದ್ದರೂ, ಇಲ್ಲವೆಂದೇ ದಾಖಲಿಸಿಕೊಳ್ಳಬೇಕಾಗಿ ವಿನಂತಿ.