ಗೋಡೆಯಾಚೆಯ ಗಣಪತಿ

ಅನುಮಾನ ಪಡಬಾರದೆಂದು ದಿನವೂ ದೇವರ ಮುಂದೆ ಕೆನ್ನೆ ಬಡಿದುಕೊಳ್ಳುತ್ತೇನೆ. ಕೈ ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಅನುಮಾನ ಬಂದಿರುತ್ತದೆ. ಅದರಲ್ಲೂ ಅಳತೆ ಟೇಪು ಹಿಡಿದು ಬರುವವರನ್ನು ಕಂಡರೆ ನನಗಾಗದು. ಜಾಲಹಳ್ಳಿಯ ಈಚೆ ನಾವು ಮನೆ ಕಟ್ಟಿಕೊಂಡಾಗ ಸುತ್ತ ರಾಗಿ ಹೊಲ. ಯಾವ ಕಡೆಗಾದರೂ ನಡೆದುಬಿಡಬಹುದಿತ್ತು. ಆಮೇಲೆ ಒಂದೊಂದು ಹೊಲವೂ ಒಂದೊಂದು ಬಡಾವಣೆಯಾಯಿತು. ಎಲ್ಲದರಲ್ಲೂ ದಾರ ಹಿಡಿದು ಎಳೆದಂಥ ರಸ್ತೆಗಳು. ಆದರೆ ಒಬ್ಬರ ರಸ್ತೆ ಇನ್ನೊಬ್ಬರದನ್ನು ಕೂಡುವುದಿಲ್ಲ, ಮಾತು ಬಿಟ್ಟ ವಾರಗಿತ್ತಿಯರ ಹಾಗೆ.

ನಮ್ಮ ರಸ್ತೆ ಮುಗಿಯುವುದು ನಮ್ಮ ಮನೆಯ ಪಕ್ಕದಲ್ಲಿ. ಅದರಾಚೆ ಹಾಲಿನ ಮುನಿಯಮ್ಮನ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡಂತೆ ಹಳೆಯ ಊರಿನ ಗಣಪತಿ ಗುಡಿ. ನಡುವೆ ಬೇಲಿಯಲ್ಲೊಂದು ಸಂದು. ಅಂಗಳದ ಕೆಂಪು ದಾಸವಾಳ ಬಿಡಿಸಿಕೊಂಡು ಆ ಸಂದಿನಲ್ಲಿ ನುಸುಳಿದರೆ, ಒಲೆಯ ಮೇಲಿನ ಬೇಳೆ ಬೇಯುವುದರೊಳಗೆ ಮಂಗಳಾರತಿ ತೆಗೆದುಕೊಂಡು ಬರಬಹುದು. ಅಷ್ಟು ಸಿಕ್ಕಿದರೆ ನನ್ನ ದಿನಕ್ಕೆ ಸಾಕು. ತೊಂದರೆಯೆಂದರೆ ಆ ಸಂದು ಮುನಿಯಮ್ಮನ ಹಸುವಿಗೂ ಗೊತ್ತಿತ್ತು. ನನಗಿಂತ ಮೊದಲೇ ಬಂದು ಹೂವೆಲ್ಲ ಮುಗಿಸಿರುತ್ತಿತ್ತು. "ನಿನ್ನ ಹೂವನ್ನು ನೀನೇ ಕಾಪಾಡಿಕೋ ತಂದೆ" ಎಂದು ಗಣಪತಿಗೆ ಮೊರೆಯಿಟ್ಟೆ. ಅವನ ಕಿವಿ ದೊಡ್ಡದಾದರೂ ಕೆಲಸ ನಿಧಾನವೇನೋ ಎಂದು, ಊಟಕ್ಕೆ ಕೂತ ಯಜಮಾನರಿಗೂ ದಿನಾ ಹೇಳಿದೆ. ಅವರು ಸಾರು ಕಲಸುತ್ತ "ಹೂಂ" ಎನ್ನುತ್ತಿದ್ದರು.

ತವರಿಗೆ ಹೋಗಿ ಬರುವಷ್ಟರಲ್ಲಿ ಸಂದಿನ ಜಾಗದಲ್ಲಿ ಇಟ್ಟಿಗೆಯ ಗೋಡೆ! ಇದು ಮುನಿಯಮ್ಮನದೇ ಕೆಲಸ, ಸೈಟು ಮಾಡಿ ಮಾರುವ ಹುನ್ನಾರ ಎಂದು ಆಗಲೇ ತೀರ್ಮಾನಿಸಿದೆ. ಮೇನ್ ರೋಡು ಬಳಸಿ, ಫ್ಯಾಕ್ಟರಿ ಬಸ್ಸುಗಳ ಧೂಳು ಕುಡಿದು ಗುಡಿ ಮುಟ್ಟಿದರೆ ಬಾಗಿಲು ಹಾಕಿತ್ತು. ನೇರ ಕೊಟ್ಟಿಗೆಗೆ ನುಗ್ಗಿದೆ.

"ದೇವರ ದಾರಿಗೇ ಗೋಡೆ ಎಬ್ಬಿಸಿದ್ಯಲ್ಲ ಮುನಿಯಮ್ಮ, ಮನಸ್ಸಾದ್ರೂ ಹೇಗೆ ಬಂತು?"

"ನಾನ್ಯಾಕ್ ಎಬ್ಬುಸ್ಲಿ ಅಮ್ಮಾವ್ರೆ? ನಿಮ್ ಯಜಮಾನ್ರೇ ನಿಂತ್ಕಂಡು ಕಟ್ಸಿದ್ದು. ಅಸ ನುಗ್ಗುತ್ತೆ ಅಂತ ಮನೇಲಿ ಒಂದ್ ತುತ್ತು ನೆಮ್ಮದಿಯಾಗಿ ಉಣ್ಣಕ್ ಬುಡಾಕಿಲ್ಲ ಅಂದ್ರು!"

ಮನೆಗೆ ಬಂದು ಕೇಳಿದೆ. ಯಜಮಾನರು ಪೇಪರಿನಿಂದ ತಲೆಯೆತ್ತದೆ, "ನೀನೇ ಅಲ್ವೇನೇ ಕೇಳಿದ್ದು?" ಎಂದರು. ಹೊರಗೆ ಗಿಡದ ತುಂಬ ದಾಸವಾಳ.

ಆದರೂ ದೇವರು ಪೂರ್ತಿ ಕೈಬಿಡಲಿಲ್ಲ. ಈಗ ನಾನು ಒಗೆಯುವ ಕಲ್ಲು ಹತ್ತಿ ಹೂಬುಟ್ಟಿಯನ್ನು ಗೋಡೆಯಾಚೆ ನೀಡುತ್ತೇನೆ. ಮುನಿಯಮ್ಮ ಗುಡಿಗೆ ಮುಟ್ಟಿಸುತ್ತಾಳೆ. "ಎಲ್ಲಾ ಗಣಪ್ಪಂಗೇ ಆಕ್ದೆ ಕಣ್ರಮ್ಮ" ಎಂದು ಬುಟ್ಟಿ ಹಿಂದಕ್ಕೆ ಕೊಡುತ್ತಾಳೆ. ಇದ್ದರೂ ಇರಬಹುದು. ಆದರೆ ಬುಟ್ಟಿ ಆಚೆ ಹೋದ ಸ್ವಲ್ಪ ಹೊತ್ತಿಗೆಲ್ಲ ಹಸು ಏನನ್ನೋ ಮೆಲ್ಲುವ ಸದ್ದು ಕೇಳಿಸುತ್ತದೆ. ಬೇಳೆ ಸೀದರೂ ಗೋಡೆಗೆ ಕಿವಿಯಾನಿಸಿ ನಿಂತಿರುತ್ತೇನೆ. ಬಾಯಿ ಬಿಟ್ಟು ಬೇಡಿಕೊಳ್ಳಲು ಮಾತ್ರ ಭಯ: ಗಣಪತಿ ಕೇಳಿಸಿಕೊಂಡರೆ ಚಿಂತೆಯಿಲ್ಲ, ಯಜಮಾನರು ಕೇಳಿಸಿಕೊಂಡರೆ ಗೋಡೆ ಇನ್ನೂ ಎತ್ತರವಾದೀತು.