ವಾಸಿಯಾದ ಮೊಣಕಾಲಿನ ಗುಟ್ಟು

ಕಾಯಿಲೆಯನ್ನು ಮುಚ್ಚಿಟ್ಟವರು ಬೇಕಾದಷ್ಟು ಮಂದಿ ಸಿಗುತ್ತಾರೆ. ರಜೆ ಬೇಕಾದಾಗ ಇಲ್ಲದ ಕಾಯಿಲೆಯನ್ನು ಹುಟ್ಟಿಸಿಕೊಂಡವರಿಗಂತೂ ನಮ್ಮ ಬ್ಯಾಂಕಿನಲ್ಲೇ ಕೊರತೆಯಿರಲಿಲ್ಲ. ಆದರೆ ಇದ್ದ ಕಾಯಿಲೆ ವಾಸಿಯಾದ ಮೇಲೆ ಆ ಸಂಗತಿಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು, ದಿನಾ ಸಂಜೆ ಆರೂವರೆಗೆ ಸರಿಯಾಗಿ ನರಳಿದವನು ನಾನೊಬ್ಬನೇ ಇರಬೇಕು. ಇದು ಎಪ್ಪತ್ತರ ದಶಕದ ಮಾತು. ಕುಂದಾಪುರದ ಕಡೆಯವನಾದ ನಾನು ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಕಲ್ಕತ್ತೆಗೆ ಬಂದು, ಬಾಲಿಗಂಜಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಹೆಂಡತಿ ಸುಮತಿ ಮತ್ತು ಮಗಳು ಉಷಾಳೊಂದಿಗೆ ಸಂಸಾರ ಹೂಡಿದ್ದೆ.

ಕಲ್ಕತ್ತೆ ನನಗೆ ಕೊಟ್ಟ ಮೊದಲ ಬಳುವಳಿ ಹೊಟ್ಟೆ. ಸಂದೇಶ್, ರಸಗುಲ್ಲ, ಮಣ್ಣಿನ ಕುಡಿಕೆಯ ಸಿಹಿ ಮೊಸರು, ಇವುಗಳ ಮುಂದೆ ನಾನು ಎಂದೂ ಧೈರ್ಯಶಾಲಿಯಾಗಿರಲಿಲ್ಲ. ತಿಂದದ್ದು ಕರಗದೆ ಹೊಟ್ಟೆಯ ಸುತ್ತ ಮನೆ ಮಾಡಿತು. ಅದರ ಭಾರ ತಾಳಲಾರದೆ ಒಂದು ದಿನ ಬಲಗಾಲಿನ ಮೊಣಕಾಲು ಮುಷ್ಕರ ಹೂಡಿತು. ಕಲ್ಕತ್ತೆಯ ಮೊಣಕಾಲಲ್ಲವೇ, ಮುಷ್ಕರ ಅದಕ್ಕೂ ಹಿಡಿದಿತ್ತು! ಬೆಳಗಾಗುವಷ್ಟರಲ್ಲಿ ಅದು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಡಾಕ್ಟರು ಒತ್ತಿ ನೋಡಿ, ನಾನು ಕೂಗಿದ್ದನ್ನು ಕೇಳಿ ತೃಪ್ತರಾಗಿ, ‘ಉರಿಯೂತ’ ಎಂದರು. ಗುಳಿಗೆ ಬರೆದುಕೊಟ್ಟು ತೂಕ ಇಳಿಸಲು ಹೇಳಿದರು.

ಸುದ್ದಿ ಮೆಟ್ಟಿಲು ಇಳಿದು ನೆಲಮಹಡಿಯ ಮಾಸ್ಟರ್‌ಮೊಶಾಯ್‌ಗೆ ಮುಟ್ಟಿತು. ಮೇಷ್ಟ್ರುಗಳನ್ನು ಬಂಗಾಳಿಗಳು ಹಾಗೆಯೇ ಕರೆಯುವುದು. ಇವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು, ತಮ್ಮನ ದೊಡ್ಡ ಸಂಸಾರದ ನಡುವೆ ಇದ್ದವರು. ಆ ಮನೆಯಲ್ಲಿ ಹನ್ನೊಂದು ಜನ, ಹನ್ನೊಂದು ಬಾಯಿ. ಇವರ ಮಾತಿಗೆ ಒಂದು ಕಿವಿಯೂ ಇರಲಿಲ್ಲ. ಆದರೂ ಕೆಲಸವಿಲ್ಲದೆ ಇನ್ನೊಬ್ಬರ ಮನೆಗೆ ಹೋಗಬಾರದು ಎಂಬುದು ಅವರ ನಿಯಮ. ಒಮ್ಮೆ ಉಷಾಳಿಗೆ ನಕ್ಷೆ ಬರೆಯುವುದನ್ನು ಕಲಿಸಲು ದಿನಾ ಬರುತ್ತಿದ್ದರು. ಪರೀಕ್ಷೆ ಮುಗಿದ ಮರುದಿನದಿಂದ ಬರುವುದನ್ನು ನಿಲ್ಲಿಸಿಯೇಬಿಟ್ಟರು. ‘ಚಹಾಕ್ಕೆ ಬನ್ನಿ’ ಎಂದರೆ, ‘ಚಹಾ ಕೆಳಗೂ ಇದೆ’ ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಈಗ ಅವರಿಗೆ ಕೆಲಸ ಸಿಕ್ಕಿತು. ಸುಣ್ಣ ಮತ್ತು ಅರಿಶಿನ ಕಲಸಿ ಬಿಸಿ ಮಾಡಿದ ಬಟ್ಟಲನ್ನು ಹಿಡಿದು ಮೂರು ಮಹಡಿ ಹತ್ತಿ ಬಂದರು. ಊತಕ್ಕೆ ಬಂಗಾಳದ ಮನೆಮದ್ದು ಅದು. ಕೆಂಪಗೆ ಮಿರುಗುವ ಆ ಲೇಪವನ್ನು ನನ್ನ ಮೊಣಕಾಲಿಗೆ ಹಚ್ಚುತ್ತ, ಅದು ಒಣಗುವವರೆಗೆ ನದಿಗಳು ಪಾತ್ರ ಬದಲಿಸುವ ಕಥೆ ಹೇಳಿದರು. ಸುಮತಿ ಬಾಗಿಲಲ್ಲಿ ನಿಂತು, “ನಮ್ಮೂರಲ್ಲಿ ಇದನ್ನು ನೀರಿಗೆ ಹಾಕಿ ಮದುಮಕ್ಕಳಿಗೆ ಆರತಿ ಎತ್ತುದು. ಇಲ್ಲಿ ನಿಮ್ಮ ಮೊಣಕಾಲಿಗೆ ಆ ಭಾಗ್ಯ!” ಎಂದಳು. ಮರುದಿನವೂ ಅವರು ಬಂದರು, ಅದರ ಮರುದಿನವೂ.

ಅದೇ ಹೊತ್ತಿಗೆ ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನ ಕಾಮತರು ನನ್ನನ್ನು ಹಿಡಿದುಕೊಂಡರು. ಮಂಗಳೂರಿನವರು, ಯಾರಲ್ಲೋ ಪ್ರಾಣಾಯಾಮ ಕಲಿತವರು, ಕಲಿತದ್ದನ್ನು ಹಂಚದಿದ್ದರೆ ನಿದ್ದೆ ಬಾರದವರು. “ನೋಡಿ ಮಾರಾಯ್ರೇ, ಉಸಿರು ತಕೊಳ್ಳುವಾಗ ನಾಲ್ಕು ಎಣಿಸಿ, ಬಿಡುವಾಗ ಎಂಟು. ಬಿಡುದರಲ್ಲೇ ಉಂಟು ಎಲ್ಲ. ನೀವು ಉಸಿರಾಡುದು ಹೇಗೆ ಗೊತ್ತುಂಟಾ? ಬಸ್ಸು ತಪ್ಪಿದವರ ಹಾಗೆ! ಉಸಿರಿಗೆ ಗಡಿಬಿಡಿ ಆದ್ರೆ ಮೈಗೂ ಗಡಿಬಿಡಿ. ಎಂತದೋ ಅಪಾಯ ಬಂತು ಅಂತ ಅದು ಒಳಗೆ ಬೆಂಕಿ ಹಾಕ್ತದೆ. ಆ ಬೆಂಕಿ ಹೊಟ್ಟೆಯಲ್ಲಿ ಇರ್ಬೇಕಾದ್ದು, ನಿಮಗೆ ಮೊಣಗಂಟಿಗೆ ಇಳಿದಿದೆ, ಅಷ್ಟೇ” ಎಂದರು. ಇದು ನಿಜವೇ ಎಂದು ಡಾಕ್ಟರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಇರಬಹುದು, ಇಲ್ಲದಿರಬಹುದು. ಏನೇ ಆಗಲಿ, ಉಸಿರಾಡುವುದನ್ನು ನಾನು ಯಾವ ರೋಗಿಗೂ ಬೇಡವೆನ್ನುವುದಿಲ್ಲ” ಎಂದರು.

ಶುರು ಮಾಡಿದೆ. ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಬಾಲ್ಕನಿಯಲ್ಲಿ ಕುಳಿತು ದೀರ್ಘವಾಗಿ ಉಸಿರೆಳೆದುಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ಓಣಿಯ ಅಷ್ಟೂ ಮನೆಗಳವರು ಕಲ್ಲಿದ್ದಲಿನ ಒಲೆಗಳನ್ನು ಹೊರಗಿಟ್ಟು ಹೊತ್ತಿಸುತ್ತಾರೆಂಬುದನ್ನು ನಾನು ಮರೆತಿದ್ದೆ. ನಾಲ್ಕು ಎಣಿಸುವಷ್ಟರಲ್ಲಿ ಇಡೀ ಓಣಿಯ ಹೊಗೆ ನನ್ನೊಳಗೆ ಬಂತು. ಬಿಡುವಾಗ ಎಂಟರ ಬದಲು ಎಂಬತ್ತು ಸಲ ಕೆಮ್ಮಿದೆ. ಮರುದಿನದಿಂದ ಒಲೆಗಳಿಗಿಂತ ಮೊದಲೇ, ಐದಕ್ಕೆ ಏಳತೊಡಗಿದೆ. ಐದಕ್ಕೆ ಏಳಬೇಕೆಂದು ಬೇಗ ಮಲಗಿದೆ, ಬೇಗ ಮಲಗಬೇಕೆಂದು ಬೇಗ ಉಂಡೆ. ಉಸಿರನ್ನು ಎಣಿಸುತ್ತ ಕುಳಿತವನಿಗೆ ರಸಗುಲ್ಲಗಳನ್ನು ಎಣಿಸುವ ಬುದ್ಧಿಯೂ ಬಂತು. ಎರಡು ತಿಂಗಳಲ್ಲಿ ಪ್ಯಾಂಟು ಸಡಿಲವಾಯಿತು, ಮೊಣಕಾಲಿನ ಊತ ಇಳಿಯಿತು. ಉಸಿರು ಮಾಡಿದ್ದೆಷ್ಟು, ಗುಳಿಗೆ ಮಾಡಿದ್ದೆಷ್ಟು, ಬಿಟ್ಟ ಸಿಹಿ ಮಾಡಿದ್ದೆಷ್ಟು ಎಂದು ನನಗೆ ಇವತ್ತಿಗೂ ತಿಳಿಯದು. ಕಾಮತರಿಗೆ ಮಾತ್ರ ಸಂಶಯವೇ ಇರಲಿಲ್ಲ.

ಒಂದು ಬೆಳಿಗ್ಗೆ ಟ್ರಾಮಿನ ಹಿಂದೆ ಹತ್ತು ಹೆಜ್ಜೆ ಓಡಿ ಹತ್ತಿದೆ. ಹತ್ತಿದ ಮೇಲೆ ಸಂತೋಷಪಡಬೇಕಾದವನಿಗೆ ಎದೆ ಧಸಕ್ಕೆಂದಿತು. ಮೊಣಕಾಲು ವಾಸಿಯಾಯಿತೆಂದರೆ ಮಾಸ್ಟರ್‌ಮೊಶಾಯ್ ನಾಳೆಯಿಂದ ಬರುವುದಿಲ್ಲ! ಅವರಿಗೆ ಮತ್ತೆ ಆ ಹನ್ನೊಂದು ಬಾಯಿಗಳು. ನನಗೋ? ಆರು ವರ್ಷಗಳಲ್ಲಿ ಬ್ಯಾಂಕಿನ ಹೊರಗೆ ನನ್ನನ್ನು ‘ಹೇಗಿದ್ದೀರಿ’ ಎಂದು ಕೇಳಿ, ಉತ್ತರಕ್ಕೆ ಕಾದು ನಿಂತ ಮನುಷ್ಯ ಆ ಊರಿನಲ್ಲಿ ಅವರೊಬ್ಬರೇ. ಅವರ ಹೆಜ್ಜೆಯ ಸದ್ದಿಗೆ ನಾನು ಸಂಜೆಯಿಡೀ ಕಿವಿಗೊಟ್ಟಿರುತ್ತಿದ್ದೆ. ಬಾಯಿಬಿಟ್ಟು ಹೇಳಲು ಮಾತ್ರ ಇಬ್ಬರಿಗೂ ಸಂಕೋಚ.

ಹಾಗಾಗಿ ನರಳಿದೆ. ಬೆಳಿಗ್ಗೆ ಐದಕ್ಕೆ ಕದ್ದು ಉಸಿರಾಡಿ ರೋಗ ಓಡಿಸುವುದು, ಸಂಜೆ ಆರೂವರೆಗೆ ‘ಅಮ್ಮಾ’ ಎಂದು ಅದನ್ನು ವಾಪಸು ಕರೆಯುವುದು. ಮೆಟ್ಟಿಲಲ್ಲಿ ಅವರು ಎದುರಾದರೆ ಕಂಬಿ ಹಿಡಿದು ಕುಂಟುತ್ತಿದ್ದೆ. ಸುಮತಿಗೆ ರೇಗಿತು. “ಇದು ಎಂಥ ನಾಟಕ ಮಾರಾಯ್ರೇ? ಗುಣ ಆಯ್ತು ಅಂತ ಹೇಳ್ಲಿಕ್ಕೆ ನಿಮಗೆಂತ ಕಷ್ಟ? ಆ ಮುದುಕರನ್ನು ಮೂರು ಮಾಳಿಗೆ ಹತ್ತಿಸುದು ಪಾಪ ಅಲ್ವಾ?” ಎಂದಳು. ನಾನು ಕಾರಣ ಹೇಳಿದೆ. ಆ ಸಂಜೆಯಿಂದ ಮೇಷ್ಟ್ರಿಗೆ ಚಹಾದ ಜೊತೆ ನೀರುದೋಸೆಯೂ ಬರತೊಡಗಿತು.

ಮಳೆಗಾಲ ತಡವಾಗಿ ಸೆಕೆ ಏರಿತು. ಸಂಜೆಯ ಹೊತ್ತಿಗೆ ಕರೆಂಟು ಹೋಗುವುದು ಊರಿಗೇ ರೂಢಿಯಾಗಿದ್ದರಿಂದ ಸುಮತಿ ನನ್ನ ಕುರ್ಚಿಯನ್ನು ಬಾಲ್ಕನಿಯ ಕಡೆಗೆ ತಿರುಗಿಸಿಟ್ಟಳು. ಮೇಷ್ಟ್ರು ತಮ್ಮ ಸ್ಟೂಲಿನಲ್ಲಿ ಕುಳಿತು ಹಚ್ಚುತ್ತಿದ್ದರು, ನಾನು ಕಾಲು ಚಾಚಿ ನರಳುತ್ತಿದ್ದೆ, ಅವರು ಬ್ರಹ್ಮಪುತ್ರದ ಪ್ರವಾಹದ ವಿಚಾರ ಹೇಳುತ್ತಿದ್ದರು. ಒಂದು ವಾರ ಹೀಗೆ ಸುಖವಾಗಿ ಕಳೆಯಿತು.

ಎಂಟನೆಯ ದಿನ ಅವರು ಇಳಿದುಹೋದ ಮೇಲೆ ಉಷಾ ಪುಸ್ತಕದಿಂದ ತಲೆಯೆತ್ತಿ, “ಅಪ್ಪಾ, ಸ್ವೆಲ್ ಆಗಿದ್ದು ನಿಮ್ಮ ರೈಟ್ ಲೆಗ್ ಅಲ್ವಾ?” ಎಂದು ಕೇಳಿದಳು.

ನೋಡಿಕೊಂಡೆ. ಎಡ ಮೊಣಕಾಲು ಕೆಂಪಗೆ ಲೇಪ ಮೆತ್ತಿಸಿಕೊಂಡು ಕುಳಿತಿತ್ತು. ಕುರ್ಚಿ ತಿರುಗಿದ್ದರಿಂದ ಸ್ಟೂಲಿನ ಕಡೆಗೆ ಬಂದ ಕಾಲನ್ನು ಚಾಚಿಬಿಟ್ಟಿದ್ದೆ. ನೋವಿಲ್ಲದವನಿಗೆ ಯಾವ ಕಾಲಾದರೇನು? ಒಂದು ವಾರ ನಾನು ಇದರ ಹೆಸರಲ್ಲಿ ಪ್ರಾಣ ಹೋಗುವಂತೆ ನರಳಿದ್ದೆ.

“ಮೇಷ್ಟ್ರು ನೋಡಿದ್ರೋ ಏನೋ” ಎಂದೆ.

“ಅವ್ರಿಗೆ ಗೊತ್ತು. ಫಸ್ಟ್ ಡೇನೇ ನಾನು ಸ್ಟೇರ್ಸ್‌ನಲ್ಲಿ ಹೇಳಿದೆ, ಮಾಸ್ಟರ್‌ಮೊಶಾಯ್, ರಾಂಗ್ ಲೆಗ್ ಅಂತ. ಅವ್ರು ‘ಚುಪ್!’ ಅಂತ ಬಾಯಿ ಮೇಲೆ ಬೆರಳು ಇಟ್ಕೊಂಡ್ರು. ನಂಗೆ ಪೆಪ್ಪರ್‌ಮೆಂಟ್ ಕೊಟ್ರು.”

ನಾಚಿಕೆಯಿಂದ ಕಿವಿಗಳು ಬಿಸಿಯಾದವು. ಆ ಉರಿಯೂತಕ್ಕೆ ಬಂಗಾಳದಲ್ಲೂ ಮದ್ದಿಲ್ಲ. ಅಷ್ಟು ಗೊತ್ತಿದ್ದೂ ಆ ಮನುಷ್ಯ ದಿನಾ ಸುಣ್ಣ ಕಲಸಿ, ಮೂರು ಮಹಡಿ ಹತ್ತಿ, ಏನೂ ಆಗದ ನನ್ನ ಕಾಲಿನ ಮುಂದೆ ಕುಳಿತಿದ್ದರು.

ಮರುದಿನ ಆರೂವರೆಗೆ ಹೆಜ್ಜೆಯ ಸದ್ದು ಕೇಳಿತು. ಬಲಗಾಲು ಚಾಚಿದರೆ ತಪ್ಪು ಒಪ್ಪಿಕೊಂಡಂತೆ, ಎಡಗಾಲು ಚಾಚಿದರೆ ಸುಳ್ಳನ್ನು ಮುಂದುವರಿಸಿದಂತೆ. ತೀರ್ಮಾನಿಸುವಷ್ಟರಲ್ಲಿ ಅವರು ಬಟ್ಟಲು ಹಿಡಿದು ಎದುರಿಗೆ ಬಂದು ಕುಳಿತೇಬಿಟ್ಟರು. ಗಾಬರಿಯಲ್ಲಿ ಎರಡೂ ಕಾಲು ಚಾಚಿದೆ.

ಮಾಸ್ಟರ್‌ಮೊಶಾಯ್ ಕನ್ನಡಕ ಸರಿಮಾಡಿಕೊಂಡು ಬಲ ಮೊಣಕಾಲು ನೋಡಿದರು, ಎಡ ಮೊಣಕಾಲು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಆಮೇಲೆ ಬಹಳ ಗಂಭೀರವಾಗಿ, “ರೋಗ ಹಬ್ಬುತ್ತಿದೆ, ರಾವ್ ಮೊಶಾಯ್. ನಾಳೆಯಿಂದ ನಾನು ಇನ್ನೂ ಸ್ವಲ್ಪ ಬೇಗ ಬರಬೇಕಾಗುತ್ತದೆ” ಎಂದರು.