ಬೆಂಚಿನ ಮೇಲಿನ ಟವೆಲ್

ಮನುಷ್ಯನ ಮುನಿಸಿಗೂ ಅವನು ಕೂರುವ ಜಾಗದ ಉದ್ದಗಲಕ್ಕೂ ಏನೋ ಸಂಬಂಧವಿರಬೇಕೆಂದು ನನ್ನ ಅನುಮಾನ. ಜಾಗ ಚಿಕ್ಕದಾದಷ್ಟೂ ಮುನಿಸು ದೊಡ್ಡದು. ನಮ್ಮ ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಅದರ ಘನತೆಗೆ ತಕ್ಕಂತೆ ಒಂದು ಸಾರ್ವಜನಿಕ ಉದ್ಯಾನವನ ಬಂತು: ಒಂದು ಹೊಂಗೆ ಮರ, ಇಬ್ಬರು ಕೂರುವಷ್ಟು ಸಿಮೆಂಟ್ ಬೆಂಚು, ಮತ್ತು ಏನೇನು ಮಾಡಬಾರದೆಂದು ಸಾರುವ, ಬೆಂಚಿಗಿಂತ ದೊಡ್ಡದಾದ ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದೆಂದೂ ಅದರಲ್ಲಿದೆ. ಹುಲ್ಲು ಇನ್ನೂ ಬಂದಿಲ್ಲ. ವಾಕಿಂಗ್‌ಗೆಂದು ಬಂದವರು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ತಿರುಗಿ, ತಲೆಸುತ್ತಿ ಬೆಂಚಿಗೇ ಬರುತ್ತಾರೆ.

ಆ ಬೆಂಚಿನ ಕಾಯಂ ಹಕ್ಕುದಾರರು ನಾನು ಮತ್ತು ಟೈಲರ್ ಬಸಣ್ಣ. ಮೊದಲು ಬರುವ ಬಸಣ್ಣ ಪಕ್ಕದಲ್ಲಿ ಟವೆಲ್ ಹಾಸಿ ನನಗೆ ಜಾಗ ಹಿಡಿಯುತ್ತಿದ್ದ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆಲ್ಲ ಟವೆಲ್ಲಿಗೂ ಟಿಕೆಟ್ ತಗೊಂಡಿದ್ದೀರಾ ಎಂದು ನ್ಯಾಯ ಹೇಳುತ್ತಿದ್ದ ನಾನು, ನಿವೃತ್ತನಾದ ಮೇಲೆ ಅದೇ ಅನ್ಯಾಯದ ಮೇಲೆ ನೆಮ್ಮದಿಯಾಗಿ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಹೋಗುವುದು ತಡವಾಯಿತು. ನನ್ನ ಜಾಗದಲ್ಲಿ ಯಾರೋ ಅಜ್ಜಿ. ಟವೆಲ್ ಬಸಣ್ಣನ ಹೆಗಲ ಮೇಲೆ.

"ಅಜ್ಜಿಗೆ ಮಂಡಿನೋವು ಐತೆ ಕಂಡಕ್ಟ್ರೇ. ನೀವು ನಿಂತು ರೂಢಿ ಇದ್ದೋರು, ಒಂದ್ ಸ್ಟಾಪ್ ನಿಂತ್ಕಳ್ರಿ."

ಬಸಣ್ಣ ನಕ್ಕ. ಅಜ್ಜಿಯೂ ನಕ್ಕಳು. ನನ್ನ ಸೇವೆಗೆ ಸಿಕ್ಕ ಮರ್ಯಾದೆ ಇದೇನೋ ಎಂದು ತಿರುಗಿ ಬಂದವನು ಎಂಟು ದಿನ ಪಾರ್ಕಿಗೆ ಕಾಲಿಡಲಿಲ್ಲ. ಒಂಬತ್ತನೆಯ ದಿನ, ಹೋಗಲಿ, ಕ್ಷಮಿಸಿಬಿಡೋಣ ಎಂದು ದೊಡ್ಡ ಮನಸ್ಸು ಮಾಡಿ ಅಂಗಿ ತೊಡುತ್ತಿದ್ದಾಗ ಸುದ್ದಿ ಬಂತು. ಬಸಣ್ಣ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ತೊಡುತ್ತಿದ್ದ ಅಂಗಿಯೂ ಅವನೇ ಹೊಲಿದದ್ದು.

ಮಣ್ಣು ಮಾಡಿ ಬರುವಾಗ ಪಾರ್ಕಿನ ಎದುರು ಹೂ ಮಾರುವಾಕೆ ನನ್ನನ್ನು ನಿಲ್ಲಿಸಿ ಹೇಳಿದಳು: "ಎಂಟು ದಿನಾನೂ ಟವೆಲ್ ಹಾಕ್ಕಂಡು ಕಾದಾರೆ ಕಣ್ರಿ. ಯಾರನ್ನೂ ಕೂರಾಕೆ ಬಿಡ್ಲಿಲ್ಲ. ಬರ್ತಾರೆ, ಬರ್ತಾರೆ ಅಂತಿದ್ರು."

ಈಗ ನಾನೇ ಮೊದಲು ಹೋಗಿ ಪಕ್ಕದಲ್ಲಿ ಟವೆಲ್ ಹಾಸುತ್ತೇನೆ. ನಿನ್ನೆ ಅದೇ ಅಜ್ಜಿ ಬಂದು, "ಯಾರಾರ ಬರೋರು ಅದಾರೇನಪ್ಪಾ?" ಎಂದಳು. ಬರ್ತಾರೆ ಎಂದೆ. ಅಜ್ಜಿ ಟವೆಲ್ ನೋಡಿದಳು, ನನ್ನ ಮುಖ ನೋಡಿದಳು, ಮಂಡಿ ಹಿಡಿದುಕೊಂಡು ನಿಂತಳು. ಬಸಣ್ಣ ಅರೆಗಳಿಗೆಯಲ್ಲಿ ಮಾಡಿದ ಕೆಲಸಕ್ಕೆ ನನಗೆ ಬಹಳ ಹೊತ್ತು ಬೇಕಾಯಿತು. ಕೊನೆಗೆ ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ. ಟವೆಲ್ಲನ್ನು ಮಾತ್ರ ಮುಟ್ಟಲಿಲ್ಲ.

ಅಜ್ಜಿ ಏಳುವವರೆಗೂ ಹೊಂಗೆ ಮರಕ್ಕೆ ಒರಗಿ ನಿಂತಿದ್ದೆ. ಕಾಲೇನೂ ನೋಯಲಿಲ್ಲ. ನಿಲ್ಲುವುದು ನನಗೆ ಮೂವತ್ತು ವರ್ಷದ ರೂಢಿ. ಅವತ್ತೊಂದು ದಿನ ಹೇಗೆ ಮರೆತುಹೋಗಿತ್ತೋ.